ಬೆನ್ನಕ್ಕ ಮತ್ತು ಮೈಮೇಲೆ ಬರುವ ನಾಯಿ

ನಗರಸಭೆಯ ನಾಯಿ ವ್ಯಾನಿನಲ್ಲಿ ಕೆಲಸ ಮಾಡುವ ಆ ಹೆಂಗಸಿಗೆ ಜನ ಇಟ್ಟ ಹೆಸರು ಬೆನ್ನಕ್ಕ. ಇಟ್ಟಿದ್ದು ಗೇಲಿಗೆ. ಅವಳು ಮಾತ್ರ ಅದನ್ನು ಸನ್ಮಾನ ಮಾಡಿ ಕೊಟ್ಟ ಬಿರುದಿನ ಹಾಗೆ ಹೊತ್ತುಕೊಂಡು ತಿರುಗಿದಳು. ಜಂಬ ಸ್ವಲ್ಪ ಹೆಚ್ಚೇ ಇತ್ತು, ಸುಳ್ಳು ಯಾಕೆ ಹೇಳಬೇಕು. ಆದರೆ ಕೆಲವರ ಜಂಬಕ್ಕೆ ಒಂದು ಕಾರಣ ಇರುತ್ತದೆ ಸ್ವಾಮಿ, ಇವಳ ಜಂಬಕ್ಕೂ ಇತ್ತು.

ನಾಯಿ ಹಿಡಿಯುವುದೆಂದರೆ ಉಳಿದವರಿಗೆ ಬಲೆ, ಕೋಲು, ಓಟ, ಬೊಬ್ಬೆ. ಬೀದಿಗೆ ಬೀದಿಯೇ ಬಾಗಿಲಿಗೆ ಬಂದು ನಿಂತು ತಮಾಷೆ ನೋಡಬೇಕು. ಇವಳದು ಬೇರೆಯೇ ದಾರಿ. ವ್ಯಾನನ್ನು ಮೂಲೆಯಲ್ಲೇ ನಿಲ್ಲಿಸಿ ಒಬ್ಬಳೇ ಇಳಿದು ಬರುವಳು. ನಾಯಿಯಿಂದ ಒಂದಿಷ್ಟು ದೂರದಲ್ಲಿ, ಅದಕ್ಕೆ ಬೆನ್ನು ಹಾಕಿ, ನೆಲದ ಮೇಲೆ ಆರಾಮಾಗಿ ಕೂತುಬಿಡುವಳು. ಬಿಸ್ಕತ್ತು ಮುರಿಯುತ್ತಾ ತನ್ನಷ್ಟಕ್ಕೆ ಮನೆ ಸುದ್ದಿ ಮಾತಾಡುವಳು: ನಲ್ಲಿ ಸೋರುತ್ತಿದೆ, ಗಂಡನಿಗೆ ಈ ವಾರವೂ ರಾತ್ರಿ ಪಾಳಿ, ಅತ್ತೆಗೆ ಕಾಲು ನೋವು. ಎದುರಿಗೆ ಬಂದವರನ್ನು ಕಂಡರೆ ನಾಯಿಗೆ ಅನುಮಾನ, ಬೆನ್ನು ತಿರುಗಿಸಿ ಕೂತವರನ್ನು ಕಂಡರೆ ಕುತೂಹಲ. ಮೆಲ್ಲಗೆ ಬಂದು ಕತ್ತು ಮೂಸುತ್ತದೆ. ಆಗ ತಿರುಗದೆಯೇ ಕೈ ಹಿಂದಕ್ಕೆ ಚಾಚಿ, ಗಲ್ಲ ತುರಿಸಿ, ಹಗ್ಗ ಹಾಕಿದರೆ ಮುಗಿಯಿತು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ವ್ಯಾನಿನ ಡ್ರೈವರ್ ಇದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

"ಅಲ್ಲಮ್ಮ, ನಾಯಿಗೆ ಬೆನ್ನು ತೋರಿಸ್ತೀಯಲ್ಲ, ನಾಚಿಕೆ ಆಗಲ್ವಾ?"

"ಮುಖ ತೋರಿಸಿ ನೀವು ಎಷ್ಟು ಹಿಡಿದಿದ್ದೀರಿ ಡ್ರೈವರಣ್ಣ? ನಿಮ್ಮ ಮುಖ ನೋಡಿ ಅವು ಕಾಲಿಗೆ ಬುದ್ಧಿ ಹೇಳ್ತವೆ."

ಅವತ್ತಿನಿಂದ ಅವಳು ಬೆನ್ನಕ್ಕ. ಡ್ರೈವರ್ ಅವಳ ಭಕ್ತ.

ಬೀದಿ ನಾಯಿಗಳನ್ನು ಹಿಡಿದು ತಂದರೆ ಡಾಕ್ಟರಮ್ಮ ಆಪರೇಷನ್ ಮಾಡಿ, ಚುಚ್ಚುಮದ್ದು ಕೊಟ್ಟು, ಗುರುತಿಗೆ ಕಿವಿಯ ತುದಿಯನ್ನು ಚೂರು ಕತ್ತರಿಸುವರು. ಗಾಯ ಮಾಗಿದ ಮೇಲೆ ಎಲ್ಲಿಂದ ತಂದರೋ ಅಲ್ಲಿಗೇ ಬಿಡಬೇಕು. ಅಲ್ಲಿಗೇ ಎಂದರೆ ಬೆನ್ನಕ್ಕನ ಲೆಕ್ಕದಲ್ಲಿ ಅದೇ ಬೀದಿ, ಅದೇ ದೀಪದ ಕಂಬ. ಜನ ಜಗಳಕ್ಕೆ ಬರುವರು: ಹಿಡಿದುಕೊಂಡು ಹೋದವರು ಮತ್ತೆ ಇಲ್ಲೇ ಯಾಕೆ ತಂದು ಸುರಿಯುತ್ತೀರಿ ಎಂದು.

"ನಿಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ತಾರೆ ಅಂದ್ಕೊಳ್ಳಿ. ವಾಪಸ್ ಬರೋವಾಗ ಬೇರೆಯೋರ ಮನೆ ಮುಂದೆ ಇಳಿಸಿದ್ರೆ ಸುಮ್ಮನಿರ್ತೀರಾ?" ಎನ್ನುವಳು.

ಇನ್ನು ಕಳೆದುಹೋದ ಮನೆ ನಾಯಿಗಳು. ಅವಕ್ಕೆ ಶೆಡ್ಡಿನ ಇನ್ನೊಂದು ಸಾಲು, ಮಾಲೀಕರು ಬರುವವರೆಗೆ ಅಲ್ಲೇ ವಾಸ. ಎರಡಕ್ಕೂ ವ್ಯತ್ಯಾಸ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದರೆ ಬೆನ್ನಕ್ಕ ಮೂಗು ಮೇಲೆ ಮಾಡಿಕೊಂಡು ಹೇಳುವಳು: ಬೀದೀದು ತಟ್ಟೆ ನೋಡುತ್ತೆ, ಮನೇದು ಬಾಗಿಲು ನೋಡುತ್ತೆ.

ಇಷ್ಟೆಲ್ಲ ಹೆಮ್ಮೆ ಬೀದಿಯಲ್ಲಿ. ಮನೆಯಲ್ಲಿ ಅದು ನಾಲ್ಕು ಕಾಸಿಗೂ ನಡೆಯುತ್ತಿರಲಿಲ್ಲ.

ಬೀದಿಯ ಕೊನೆಯಲ್ಲಿ ಅವಳ ಅತ್ತೆಯ ಇಸ್ತ್ರಿ ಅಂಗಡಿ. ಅತ್ತೆಯ ಇಸ್ತ್ರಿಪೆಟ್ಟಿಗೆಗಿಂತ ನಾಲಿಗೆ ಬಿಸಿ ಎಂದು ಗಿರಾಕಿಗಳೇ ಹೇಳುವರು. ಸೊಸೆ ಏನು ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ, "ನಗರಸಭೇಲಿ ಕೆಲಸ" ಎಂದು ಹೇಳಿ, ಮುಂದಿನ ಪ್ರಶ್ನೆ ಬರುವ ಮೊದಲೇ ಕಾಲರಿನ ಕಲೆಯ ಮಾತು ತೆಗೆಯುವಳು. ಸಂಜೆ ಸೊಸೆ ಅಂಗಡಿಯ ಮುಂದೆ ಹಾದು ಮನೆಗೆ ಬರುವಾಗ ದಿನವೂ ಒಂದೇ ಸ್ವಾಗತ: "ಬಂದ್ಯಾ? ಥೂ, ನಾಯಿ ವಾಸನೆ. ಹೋಗಾಚೆ, ಮೊದಲು ಸ್ನಾನ ಮಾಡು."

ಬೆನ್ನಕ್ಕ ಹಿತ್ತಿಲಿಗೆ ಹೋಗಿ, ಮೈ ತೊಳೆದು, ಬಟ್ಟೆ ಬದಲಾಯಿಸಿ ಒಳಗೆ ಬರುವಳು. ಊರಿಗೆಲ್ಲ ತಿರುಗಿ ಉತ್ತರ ಕೊಡುವ ಬಾಯಿಗೆ ಅಲ್ಲಿ ಮಾತ್ರ ಬೀಗ. ಒಂದು ಸಲ, ಒಂದೇ ಒಂದು ಸಲ, ಅತ್ತೆ ತನ್ನ ಕೆಲಸವನ್ನು ಬಾಯಿ ಬಿಟ್ಟು ಕೆಲಸ ಅನ್ನಲಿ ಎಂದು ಅವಳಿಗೆ ಆಸೆಯಿತ್ತು. ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ ಅಷ್ಟೆ.

ಒಂದು ದಿನ ಅತ್ತೆ ಕೈ ಸುಟ್ಟುಕೊಂಡಳು. ಗಿರಾಕಿಯ ಜೊತೆ ವಾದ ಮಾಡುತ್ತಾ ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆಯ ಮೇಲಲ್ಲ, ಅಂಗೈ ಮೇಲೆ ಇಟ್ಟುಕೊಂಡಳು ಎಂದು ಗಂಡ ಹೇಳಿದ. ಬೆನ್ನಕ್ಕ ರಜೆ ಹಾಕಿ ಅಂಗಡಿಯಲ್ಲಿ ನಿಂತಳು. ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಅತ್ತೆ ಪಕ್ಕದಲ್ಲೇ ಕೂತು ತಪ್ಪು ಹುಡುಕಿದಳು. "ಇಸ್ತ್ರಿ ಮಾಡೋದು ನಾಯಿ ಹಿಡಿದ ಹಾಗಲ್ಲ ಕಣೇ. ತೋಳು ಮೊದಲು, ಆಮೇಲೆ ಬೆನ್ನು."

ಆ ರಜೆಯಲ್ಲೇ ಆಗಿದ್ದು ಎಡವಟ್ಟು.

ಅವಳು ಕೆಲಸಕ್ಕೆ ವಾಪಸಾದಾಗ ಶೆಡ್ಡಿನ ಕೊನೆಯ ಕೋಣೆ, ಕಬ್ಬಿಣದ ಬಾಗಿಲಿನದು, ಮುಚ್ಚಿತ್ತು. ಕಚ್ಚುವ ನಾಯಿಗಳ ಕೋಣೆ ಅದು. ಒಳಗೆ ಕಂದು ಬಣ್ಣದ, ಒಂದು ಕಿವಿ ನಿಂತ, ಒಂದು ಕಿವಿ ಜೋತ, ನಡುವಯಸ್ಸಿನ ನಾಯಿ.

"ಇದು ಸಾಮಾನ್ಯದ್ದಲ್ಲ ಅಕ್ಕ," ಡ್ರೈವರ್ ಹೇಳಿದ. ಅವನ ಮೊಣಕೈ ತರಚಿತ್ತು. "ಎಲ್ಲಾ ನಾಯಿ ಓಡಿಸಿದ್ರೆ ಓಡಿ ಹೋಗುತ್ತೆ. ಇದು ಓಡಿಸಿದ್ರೆ ಓಡಿ ಬರುತ್ತೆ. ನೇರ ಮೈಮೇಲೆ. ಆ ಕಡೆ ಬೀದಿ ಜನ ಎಲ್ಲ ದೂರು ಕೊಟ್ಟಿದಾರೆ. ಒಬ್ಬ ಮೇಷ್ಟ್ರು ಸೈಕಲ್ಲಿಂದ ಬಿದ್ರು. ಆ ವಾರ್ಡಿನ ಮೆಂಬರ್ರು ಬೇರೆ ಫೋನ್ ಮೇಲೆ ಫೋನ್."

ಬೆನ್ನಕ್ಕ ಒಳಗೆ ಹೋಗಿ ಬೆನ್ನು ಹಾಕಿ ಕೂತಳು. ಬಿಸ್ಕತ್ತು ಮುರಿದಳು, ಅತ್ತೆಯ ಸುಟ್ಟ ಕೈಯ ಕಥೆ ಪೂರ್ತಿ ಹೇಳಿದಳು. ನಾಯಿ ಮೂಲೆ ಬಿಟ್ಟು ಅಲುಗಲಿಲ್ಲ. ಕಾಲು ಮರಗಟ್ಟಿದ ಮೇಲೆ ತಿರುಗಿ ನೋಡಿದರೆ ಅದು ಇವಳನ್ನು ನೋಡುತ್ತಲೇ ಇರಲಿಲ್ಲ. ಬಾಗಿಲು ನೋಡುತ್ತಿತ್ತು. ಕತ್ತಿನ ಸುತ್ತ ಕೂದಲು ಸವೆದು, ಪಟ್ಟಿ ಇದ್ದ ಗುರುತು ಎದ್ದು ಕಾಣುತ್ತಿತ್ತು.

"ಇದು ಮನೇದು," ಅಂದಳು ಬಾಗಿಲಲ್ಲಿ ನಿಂತಿದ್ದ ಡಾಕ್ಟರಮ್ಮನಿಗೆ. "ಕಳೆದುಹೋಗಿದೆ, ಅಷ್ಟೆ. ಮೈಮೇಲೆ ಬರೋ ನಾಯಿ ಹೀಗೆ ಕೂರಲ್ಲ ಮೇಡಂ."

ಅಷ್ಟರಲ್ಲಿ ಕೋಣೆ ತೊಳೆಯುವುದಕ್ಕೆಂದು ಡ್ರೈವರ್ ಬಕೆಟ್ ಹಿಡಿದು ಒಳಗೆ ಬಂದ. ನಾಯಿಯ ಕಡೆ ಪೊರಕೆ ಚಾಚಿ, "ಹೋಗಾಚೆ, ಹೋಗಾಚೆ" ಎಂದ. ಮೂಲೆಯಲ್ಲಿ ಕಲ್ಲಿನ ಹಾಗೆ ಕೂತಿದ್ದ ಪ್ರಾಣಿ ಎಗರಿ ಬಂದು ಅವನ ಎದೆಗೆ ಎರಡೂ ಕಾಲು ಹಾಕಿತು. ಡ್ರೈವರ್ ಒಂದು ಕಡೆ, ಬಕೆಟ್ ಇನ್ನೊಂದು ಕಡೆ. ಬೆನ್ನಕ್ಕ ಹಗ್ಗ ಹಾಕಿ ಎಳೆದುಕೊಂಡಳು.

"ನೋಡಿದೆಯಲ್ಲ?" ಎಂದರು ಡಾಕ್ಟರಮ್ಮ.

"ಕಚ್ಚಲಿಲ್ಲ ಮೇಡಂ."

"ಇವತ್ತು ಕಚ್ಚಲಿಲ್ಲ. ನಾಳೆ ಒಂದು ಮಗು ಮೇಲೆ ಹೀಗೆ ಬಿದ್ರೆ? ನಿನ್ನ ಬೆನ್ನು ಅಡ್ಡ ಬರುತ್ತಾ?" ಡಾಕ್ಟರಮ್ಮ ಕೆಟ್ಟವರಲ್ಲ. ಸತ್ತ ನಾಯಿಮರಿಗೂ ಕಣ್ಣೀರು ಹಾಕುವ ಜೀವ ಅದು. ಆದರೆ ಅವರ ಮಾತಿನಲ್ಲಿ ತಪ್ಪೂ ಇರಲಿಲ್ಲ. "ಶುಕ್ರವಾರ ಮೆಂಬರ್ರು ಬರ್ತಾರೆ. ಅಷ್ಟರೊಳಗೆ ಇದರ ಮನೆಯೋರು ಸಿಗಲಿಲ್ಲ ಅಂದ್ರೆ ಸಾಯಿಸೋ ಸೂಜಿ ಹಾಕದೆ ನನಗೆ ಬೇರೆ ದಾರಿ ಇಲ್ಲ."

ಬೆನ್ನಕ್ಕನ ಜಂಬ ಆಗ ಅವಳಿಗಿಂತ ಮುಂಚೆ ಬಾಯಿ ತೆರೆಯಿತು. "ಸಿಗ್ತಾರೆ ಮೇಡಂ. ಸಿಗದೆ ಹೋದ್ರೆ ನಾನು ಇನ್ನು ಈ ವ್ಯಾನ್ ಹತ್ತಲ್ಲ."

ಆಡಿದ್ದಾಯಿತು. ನುಂಗುವುದಕ್ಕೆ ಬರುವುದಿಲ್ಲ.

ಕೆಲಸ ಮುಗಿಸಿ ಬೀದಿ ಬೀದಿ ಅಲೆದಳು. ಬೇಕರಿ, ಔಷಧಿ ಅಂಗಡಿ, ಬಸ್ ನಿಲ್ದಾಣ, ಎಲ್ಲ ಕಡೆಯೂ ಕೇಳಿದಳು. ಮೈಮೇಲೆ ಬರುವ ಕಂದು ನಾಯಿ ನಮ್ಮದು ಎಂದು ಹೇಳಿಕೊಳ್ಳುವವರು ಯಾರು, ನೀವೇ ಹೇಳಿ. ಕೊನೆಗೆ ಅದರ ಹೆಸರಾದರೂ ಸಿಕ್ಕೀತೆಂದು ಕಬ್ಬಿಣದ ಬಾಗಿಲ ಹೊರಗೆ ಕೂತು ಕರೆಯತೊಡಗಿದಳು. ರಾಜ, ಟೈಗರ್, ಕೆಂಚ, ಬ್ರೂನೋ, ಬಂಗಾರ, ಚಿನ್ನ. ಜೋತ ಕಿವಿ ಜೋತೇ ಇತ್ತು. ಡ್ರೈವರ್ ತನ್ನ ಭಾವಮೈದನ ಹೆಸರನ್ನೂ ಕರೆದು ನೋಡಿದ. ಅದಕ್ಕೂ ತಿರುಗಲಿಲ್ಲ.

ಗುರುವಾರ ಸಂಜೆ ಮನೆಯಲ್ಲಿ ತಟ್ಟೆಯ ಅನ್ನ ಮುಟ್ಟದೆ ಕೂತಿದ್ದಾಗ ಅತ್ತೆ ಬಾಯಿ ಬಿಡಿಸಿದಳು. ಕೇಳಿದ ಮೇಲೆ, ಕೆಲಸ ಹೋದರೆ ಹೋಗಲಿ, ಪೀಡೆ ತೊಲಗಿತು ಎನ್ನುವಳೆಂದು ಸೊಸೆ ಕಾದಳು.

"ಮಾತು ಕೊಟ್ಟು ಬಂದಿದೀಯ ತಾನೇ? ಹಾಗಿದ್ರೆ ಹುಡುಕು," ಎಂದಳು ಅತ್ತೆ. "ಸೋತು ಬಂದು ನನ್ನ ಅಂಗಡೀಲಿ ಮಾತ್ರ ಕೂರಬೇಡ. ಕಾಲರ್ ಮಡಿಸೋಕೆ ಬರಲ್ಲ ನಿನಗೆ."

ಅದು ಬೈಗುಳವೋ ಬೆಂಬಲವೋ ಬೆನ್ನಕ್ಕನಿಗೆ ಅವತ್ತು ತಿಳಿಯಲಿಲ್ಲ.

ಶುಕ್ರವಾರ ಬೆಳಗ್ಗೆ ಶೆಡ್ಡಿನ ಎದುರಿನ ಟೀ ಅಂಗಡಿಯಲ್ಲಿ ನಗರಸಭೆಯ ಕೌಂಟರಿನ ಗುಮಾಸ್ತ ಬೆಂಚಿನ ಮೇಲೆ ಕೂತು ತನ್ನ ಗೋಳು ಹೇಳಿಕೊಳ್ಳುತ್ತಿದ್ದ. ಅವನಿಗೆ ದಿನಾ ಒಂದು ಅವಮಾನ ಆಗಲೇಬೇಕು, ಅದನ್ನು ದಿನಾ ಟೀ ಜೊತೆ ಹೇಳಲೇಬೇಕು. ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

"ಜನಕ್ಕೆ ಮರ್ಯಾದೆ ಅನ್ನೋದೇ ಹೋಯ್ತು ಕಣ್ರೀ. ಮೊನ್ನೆ ಒಬ್ಬ ಮುದುಕ ಬಂದ, ಒಂದು ಕಣ್ಣಿಗೆ ಪಟ್ಟಿ. ನನ್ನ ನಾಯಿ ಕಳೆದುಹೋಗಿದೆ ಅಂದ. ನಾನು ಎಷ್ಟು ಚೆನ್ನಾಗಿ ಕೇಳ್ದೆ, ತಾತ, ನಾಯಿ ಹೆಸರೇನು ಅಂತ. ಮುಖಕ್ಕೆ ಹೊಡೆದ ಹಾಗೆ ಹೇಳ್ತಾನೆ, ಹೋಗಾಚೆ. ಹೋಗ್ಲಿ, ವಯಸ್ಸಾಗಿದೆ ಅಂತ ಮತ್ತೆ ಕೇಳ್ದೆ. ಹೋಗಾಚೆ. ಅಯ್ಯಾ, ಹೆಸರು ಹೇಳಯ್ಯಾ ಅಂದ್ರೆ, ಎಷ್ಟು ಸಲ ಹೇಳ್ಲಿ, ಹೋಗಾಚೆ ಹೋಗಾಚೆ ಅಂತ ಕೂಗಾಡಿಬಿಟ್ಟ. ನಾನೇನು ಬಿಟ್ಟಿ ಬಿದ್ದಿದೀನಾ? ನೀನೇ ಹೋಗಾಚೆ ಅಂದೆ. ಹೋದ."

ಬೆಂಚಿಗೆ ಬೆಂಚೇ ನಕ್ಕಿತು. ಡ್ರೈವರ್ ಟೀ ಮೂಗಿಗೆ ಹತ್ತಿಸಿಕೊಂಡು ಕೆಮ್ಮಿದ. ಬೆನ್ನಕ್ಕ ಮಾತ್ರ ಲೋಟವನ್ನು ಬಾಯಿಯ ಹತ್ತಿರ ಹಿಡಿದವಳು ಹಾಗೇ ಹಿಡಿದಿದ್ದಳು. ಪೊರಕೆ, ಬಕೆಟ್, ಡ್ರೈವರಿನ ಮಾತು, ಎಲ್ಲ ಅವಳ ಕಣ್ಣ ಮುಂದೆ ಬಂದವು. ಓಡಿಸಿದರೆ ಓಡಿ ಬರುತ್ತದೆ. ಓಡಿಸುವವರು ಹೇಳುವುದೇನು?

ಟೀ ಅಲ್ಲೇ ಬಿಟ್ಟು ಓಡಿದಳು.

ಕಬ್ಬಿಣದ ಬಾಗಿಲು ತೆರೆದು, ಒಳಗೆ ಹೋಗಿ, ಬೆನ್ನು ಹಾಕಿ ಕೂತಳು. ಮೊದಲು "ಹಚಾ" ಅಂದಳು. ಹಿಂದೆ ಏನೂ ಸದ್ದಿಲ್ಲ. ಆಮೇಲೆ, ಮನೆಯಲ್ಲಿ ಮಗುವನ್ನು ಕರೆಯುವಷ್ಟು ಮೆತ್ತಗೆ, "ಹೋಗಾಚೆ" ಅಂದಳು.

ಉಗುರು ನೆಲಕ್ಕೆ ತಾಗುವ ಸದ್ದು. ಒದ್ದೆ ಮೂಗೊಂದು ಕತ್ತಿಗೆ ತಾಗಿತು. ಆಮೇಲೆ ಇಡೀ ತಲೆಯ ಭಾರ ಅವಳ ಹೆಗಲ ಮೇಲೆ ಕೂತಿತು, ಬಾಲ ಗೋಡೆಗೆ ಪಟಪಟ ಬಡಿಯತೊಡಗಿತು. ಬೆನ್ನಕ್ಕ ಅಳುತ್ತಾ ನಕ್ಕಳು. ಪಾಪದ ಪ್ರಾಣಿ. ಇಡೀ ಊರು ತನ್ನ ಹೆಸರು ಹಿಡಿದು ಕರೆಯುತ್ತಿದೆ ಎಂದುಕೊಂಡು ಪ್ರತಿಯೊಬ್ಬರ ಹತ್ತಿರವೂ ಖುಷಿಯಿಂದ ಓಡಿ ಹೋಗಿತ್ತು, ಪ್ರತಿಯೊಬ್ಬರ ಕೈಯಲ್ಲೂ ಏಟು ತಿಂದಿತ್ತು.

ಗುಮಾಸ್ತನನ್ನು ಹಿಡಿದು ಕೇಳಿದರೆ ಮುದುಕನ ಸೊಂಟದಲ್ಲಿ ಬೀಗದಕೈ ಗೊಂಚಲು ಇತ್ತೆಂದ. ಇನ್ನೇನು ಬೇಕು. ಸೇತುವೆಯ ಕೆಳಗೆ ಬೀಗ ರಿಪೇರಿ ಮಾಡುವ ತಾತ ಬಿಟ್ಟರೆ ಬೇರೆ ಯಾರೂ ಇಲ್ಲ. ಡ್ರೈವರ್ ವ್ಯಾನನ್ನು ಆ ಕಡೆಗೆ ಓಡಿಸಿದ.

ತಾತ ಗೂಡಂಗಡಿಯೊಳಗೆ ಒಂದೇ ಕಣ್ಣಿನಲ್ಲಿ ಒಂದು ಬೀಗದ ಹೊಟ್ಟೆ ಬಗೆಯುತ್ತಾ ಕೂತಿದ್ದ. ಬಾಗಿಲ ಹತ್ತಿರ ಮಡಿಸಿದ ಗೋಣಿಚೀಲ, ಅದರ ಮೇಲೆ ನಾಯಿ ಕೂದಲು.

"ತಾತ, ನಿಮ್ಮ ಹೋಗಾಚೆ ನಮ್ಮ ಹತ್ರ ಇದೆ," ಎಂದಳು ಬೆನ್ನಕ್ಕ.

ಬೀಗ ಉಜ್ಜುತ್ತಿದ್ದ ಅರ ತಾತನ ಕೈಯಲ್ಲೇ ನಿಂತಿತು. ಆಮೇಲೆ ಮುಖ ಗಂಟು ಹಾಕಿಕೊಂಡ. "ನಾನು ನಿಮ್ಮ ಆಫೀಸಿಗೆ ಬರಲ್ಲ. ಅಲ್ಲಿರೋನು ನನ್ನನ್ನ ಹೋಗಾಚೆ ಅಂದ."

"ಅವರು ನಿಮ್ಮ ನಾಯಿ ಹೆಸರಿಂದ ನಿಮ್ಮನ್ನ ಕರೆದ್ರು ಅಂದ್ಕೊಳ್ಳಿ ತಾತ. ಪ್ರೀತಿಗೆ."

ತಾತನಿಗೆ ನಗು ತಡೆಯಲಾಗಲಿಲ್ಲ. ಚಪ್ಪಲಿ ಹುಡುಕಿದ.

ದಾರಿಯಲ್ಲಿ ವ್ಯಾನಿನೊಳಗೆ ತಾನಾಗಿಯೇ ಹೇಳಿದ. "ಮರಿಯಾಗಿದ್ದಾಗ ಬಂದು ಬಾಗಿಲಲ್ಲಿ ಕೂತ್ಕೊಳ್ತು. ನನಗೆ ಯಾಕೆ ಬೇಕು ಈ ಉಸಾಬರಿ ಅಂತ ದಿನಾ ಹೋಗಾಚೆ ಅಂದೆ. ಅದು ಹೋಗಲಿಲ್ಲ. ನಾನು ಹೇಳೋದು ಬಿಡಲಿಲ್ಲ. ಹಾಗೇ ವರ್ಷಗಳು ಹೋದ್ವು. ಕಣ್ಣಿನ ಆಪರೇಷನ್ ಅಂತ ಆಸ್ಪತ್ರೇಲಿ ಮಲಗಿದ್ದೆ ನೋಡಿ, ನನ್ನ ಹುಡುಕ್ಕೊಂಡು ಹೊರಟುಬಿಟ್ಟಿದೆ." ಮತ್ತೆ ಕೇಳಿದ, "ತೆಳ್ಳಗಾಗಿದೆಯಾ?"

"ಸ್ವಲ್ಪ," ಎಂದಳು ಬೆನ್ನಕ್ಕ.

ಶೆಡ್ಡಿಗೆ ಬರುವಷ್ಟರಲ್ಲಿ ಮೆಂಬರ್ರು ಬಂದಾಗಿತ್ತು. ಡಾಕ್ಟರಮ್ಮ ಕೈಗವಸು ಹಾಕಿಕೊಂಡಿದ್ದರು. ಔಷಧಿ ಡಬ್ಬಿ ಮೇಜಿನ ಮೇಲಿತ್ತು, ಮುಚ್ಚಳ ತೆಗೆದಿರಲಿಲ್ಲ.

"ಮೇಡಂ, ಮನೆಯೋರು ಸಿಕ್ಕಿದ್ರು," ಎಂದಳು ಬೆನ್ನಕ್ಕ ಏದುಸಿರು ಬಿಡುತ್ತಾ.

"ಸಿಕ್ಕಿದ್ರೆ ಆಯ್ತೇನಮ್ಮ?" ಮೆಂಬರ್ರು ಅಡ್ಡ ಬಂದರು. "ಜನದ ಮೈಮೇಲೆ ಬರುತ್ತೆ ಅದು. ನಾನೇ ಕಣ್ಣಾರೆ ನೋಡಿದೀನಿ. ಅಷ್ಟು ಜೋರಾಗಿ ಓಡಿಸಿದ್ರೂ ನನ್ನ ಮೇಲೇ ಬಂತು."

"ಏನಂತ ಓಡಿಸಿದ್ರಿ ಸಾರ್?"

"ಏನಂತಾರೆ, ಎಲ್ಲರೂ ಅನ್ನೋದೇ. ಹೋಗಾಚೆ ಅಂದೆ."

ಕಬ್ಬಿಣದ ಬಾಗಿಲ ಹಿಂದಿನಿಂದ ಧಡಾರ್ ಎಂದು ಸದ್ದು ಬಂತು. ಮೆಂಬರ್ರು ಡ್ರೈವರಿನ ಹಿಂದೆ ಸರಿದರು.

"ಅದು ಅದರ ಹೆಸರು ಸಾರ್," ಎಂದಳು ಬೆನ್ನಕ್ಕ. "ನೀವು ಕರೆದ್ರಿ, ಅದು ಬಂತು. ಇನ್ನೇನು ಮಾಡಬೇಕಿತ್ತು ಅದು?" ಎಂದವಳೇ ಹೋಗಿ ಬಾಗಿಲು ತೆರೆದುಬಿಟ್ಟಳು.

ನಾಯಿ ಹೊಸ್ತಿಲ ಮೇಲೆ ನಿಂತು ಒಬ್ಬೊಬ್ಬರನ್ನೇ ನೋಡಿತು. ತಾತ ಒಮ್ಮೆ ಕೆಮ್ಮಿ, ದಿನಾ ಹೇಳುತ್ತಿದ್ದ ಅದೇ ಸಿಡುಕು ದನಿಯಲ್ಲಿ ಹೇಳಿದ: "ಹೋಗಾಚೆ, ದರಿದ್ರದ್ದೆ. ಎಲ್ಲಿ ಹಾಳಾಗಿ ಹೋಗಿದ್ದೆ?"

ಮೆಂಬರ್ರು ಗೋಡೆಗೆ ಅಂಟಿಕೊಂಡರು. ನಾಯಿ ಅವರನ್ನು ದಾಟಿತು, ಡಾಕ್ಟರಮ್ಮನನ್ನು ದಾಟಿತು, ಯಾರನ್ನೂ ಮುಟ್ಟಲಿಲ್ಲ. ತಾತನ ಹತ್ತಿರ ಬಂದು ಎಗರಲೂ ಇಲ್ಲ. ಅವನ ಎರಡು ಪಾದಗಳ ಮೇಲೆ ಕೂತು, ಮೊಣಕಾಲಿಗೆ ಒರಗಿ, ಮಗು ಅಳುವ ಹಾಗೆ ಕುಂಯ್‌ಗುಟ್ಟಿತು. ತಾತ ಅದರ ಜೋತ ಕಿವಿಯನ್ನು ಹಿಡಿದುಕೊಂಡು ನಿಂತೇ ಇದ್ದ. ಪಟ್ಟಿ ಕಟ್ಟಿದ ಕಣ್ಣಿನಿಂದಲೂ ನೀರು ಬರುತ್ತಿತ್ತು.

ಡಾಕ್ಟರಮ್ಮ ಕೈಗವಸು ಬಿಚ್ಚಿ ಡಬ್ಬಿಯ ಮೇಲೆ ಇಟ್ಟರು. "ತಾತ, ಹೆಸರು ಬದಲಾಯಿಸಿಬಿಡಿ," ಎಂದರು, ದನಿ ಒದ್ದೆಯಾಗಿತ್ತು.

"ಈ ವಯಸ್ಸಲ್ಲಿ ಅದಕ್ಕೆ ಹೊಸ ಹೆಸರು ಎಲ್ಲಿ ಹತ್ತುತ್ತೆ ತಾಯಿ. ನೀವೇ ಎಲ್ಲ ಹಚಾ ಅನ್ನೋದು ಕಲೀರಿ."

ಮೆಂಬರ್ರು ಬಟ್ಟೆ ಕೊಡವಿಕೊಂಡು ಬಿದ್ದು ಬಿದ್ದು ನಕ್ಕರು. ವಾರ್ಡಿನಲ್ಲಿ ಎಲ್ಲರಿಗೂ ಹೇಳುವುದು ತಮ್ಮ ಜವಾಬ್ದಾರಿ ಎಂದರು. ಹೇಳಿದರು ಕೂಡ. ಮಧ್ಯಾಹ್ನದೊಳಗೆ ಕಥೆ ಊರು ಸುತ್ತಿ ಬಂತು. ಅದರಲ್ಲಿ ನಾಯಿಯನ್ನು ಪತ್ತೆ ಹಚ್ಚಿದವರು ಮೆಂಬರ್ರೇ ಎಂಬ ಒಂದು ಪಾಠಾಂತರವೂ ಇತ್ತು. ಬಿಡಿ, ಡ್ರೈವರ್ ಇರುವವರೆಗೆ ಅದು ಹೆಚ್ಚು ದಿನ ಬಾಳುವುದಿಲ್ಲ.

ಸಂಜೆ ಬೆನ್ನಕ್ಕ ಎದೆಯುಬ್ಬಿಸಿಕೊಂಡೇ ಮನೆ ಕಡೆ ನಡೆದಳು. ಆದರೆ ಇಸ್ತ್ರಿ ಅಂಗಡಿ ಹತ್ತಿರವಾದಂತೆ ಅಭ್ಯಾಸಬಲದಿಂದ ಹೆಜ್ಜೆ ನಿಧಾನವಾಯಿತು. ಅಂಗಡಿಯೊಳಗೆ ಒಬ್ಬ ಹೊಸ ಗಿರಾಕಿ ನಿಂತಿದ್ದಳು. ಅತ್ತೆ ಬೀದಿಗೆ ಬೆನ್ನು ಹಾಕಿ, ಒಂದೇ ಕೈಯಲ್ಲಿ ಅಂಗಿ ಮಡಿಸುತ್ತಿದ್ದಳು.

"ನಿಮ್ಮ ಸೊಸೆ ನಗರಸಭೇಲಿ ಇದಾರಂತಲ್ಲ, ಏನು ಕೆಲಸ?" ಗಿರಾಕಿ ಕೇಳಿದಳು.

ಬೆನ್ನಕ್ಕ ಕಂಬದ ಪಕ್ಕ ನಿಂತಳು. ಈಗ ಕಾಲರಿನ ಮಾತು ಬರುತ್ತದೆ ಎಂದುಕೊಂಡಳು.

"ನಾಯಿ ಹಿಡಿಯೋದು," ಎಂದಳು ಅತ್ತೆ. ದನಿ ಬೀದಿಯ ಆ ತುದಿಗೂ ಕೇಳುವಷ್ಟಿತ್ತು. "ಬೆನ್ನಕ್ಕ ಅಂತ ಕೇಳಿಲ್ವಾ? ಆ ಬೀಗದ ತಾತನ ನಾಯೀನ ಸೂಜಿಯಿಂದ ಬಿಡಿಸಿದ್ದು ಯಾರು ಅಂದ್ಕೊಂಡ್ರಿ? ನಮ್ಮ ಸೊಸೇನೇ. ಬಲೆ ಇಲ್ಲ, ಕೋಲಿಲ್ಲ. ಬೆನ್ನು ತಿರುಗಿಸಿ ಕೂರ್ತಾಳೆ, ಅವಾಗಿ ಬರ್ತವೆ. ಇಡೀ ಊರಲ್ಲಿ ಇನ್ನೊಬ್ಬರಿಗೆ ಬರಲ್ಲ ಅದು."

ಗಿರಾಕಿ ಹೋದ ಮೇಲೆ ತಿರುಗಿದವಳಿಗೆ ಕಂಬದ ಪಕ್ಕ ಸೊಸೆ ಕಂಡಳು. ಅತ್ತೆಯ ಮುಖ ಒಂದು ಕ್ಷಣ ಕಳ್ಳತನದಲ್ಲಿ ಸಿಕ್ಕವರ ಮುಖವಾಯಿತು. ಕೂಡಲೇ ಹುಬ್ಬು ಗಂಟಿಕ್ಕಿತು.

"ಅಲ್ಲೇನು ನಿಂತಿದೀಯ ಕಂಬದ ಹಾಗೆ? ಥೂ, ನಾಯಿ ವಾಸನೆ. ಹೋಗಾಚೆ."

ಬೆನ್ನಕ್ಕ ಹೋಗಲಿಲ್ಲ. ಮೆಟ್ಟಿಲು ಹತ್ತಿ ಒಳಗೆ ಬಂದಳು. ಇಸ್ತ್ರಿ ಮೇಜಿನ ಪಕ್ಕದ ಮಣೆಯ ಮೇಲೆ, ಅತ್ತೆಗೆ ಬೆನ್ನು ಹಾಕಿ, ಆರಾಮಾಗಿ ಕೂತುಬಿಟ್ಟಳು. ನಲ್ಲಿ ಇನ್ನೂ ಸೋರುತ್ತಿದೆ ಎಂದು ತನ್ನಷ್ಟಕ್ಕೆ ಹೇಳಿದಳು. ತಾತನ ನಾಯಿ ಒಂದು ಸುತ್ತು ತೆಳ್ಳಗಾಗಿದೆ ಎಂದಳು.

ಸ್ವಲ್ಪ ಹೊತ್ತಿನ ಮೇಲೆ ಚಪ್ಪಲಿ ಎಳೆಯುವ ಸದ್ದು ಹತ್ತಿರ ಬಂತು. ಪಟ್ಟಿ ಕಟ್ಟಿದ ಕೈ ಅವಳ ಹೆಗಲ ಮೇಲೆ ಕೂತಿತು. ಇನ್ನೊಂದು ಕೈ ಅವಳ ಬೆನ್ನಿಗೆ ಅಂಟಿದ್ದ ಕಂದು ಕೂದಲನ್ನು ಒಂದೊಂದಾಗಿ ಆರಿಸತೊಡಗಿತು.